ನರ್ಸಮ್ಮನ ಭಾನುವಾರ
(ಸಕಲ ಮೃತರ ಸ್ಮರಣೆಯ ದಿನದ ಪ್ರಬೋಧನೆ)



ಸುಮಾರು 998ರಲ್ಲಿ ಕ್ಲೂನಿಯ ಮಠಾಧಿಪತಿ ಸಂತ ಓದಿಲೋ ತಮ್ಮ ಮಠಗಳಲ್ಲಿ ಆರಂಭಿಸಿದ ನವೆಂಬರ್ 2ರ ಈ ಸ್ಮರಣೆ ಕ್ರಮೇಣ ಇಡೀ ಧರ್ಮಸಭೆಯದಾಯಿತು. ನೀವು ಬಲಿಪೀಠದ ಬಳಿ ಇಟ್ಟಿರುವ ಚೀಟಿಗಳಲ್ಲಿ ನಿಮ್ಮ ಮನೆಯ ಮೃತರ ಹೆಸರುಗಳಿವೆ. ನಾನೂ ಒಂದು ಚೀಟಿ ಇಟ್ಟಿದ್ದೇನೆ. ಅದು ನನ್ನ ಸೋದರತ್ತೆಯದು.

ಗೆಜ್ಜಲಗೆರೆಯಲ್ಲಿ ಅವರನ್ನು ಯಾರೂ ಹೆಸರಿಡಿದು ಕರೆದ ನೆನಪಿಲ್ಲ. ಎಲ್ಲರಿಗೂ ಅವರು ನರ್ಸಮ್ಮ. ಸರ್ಕಾರಿ ನೌಕರಿ, ಹಳ್ಳಿ ಹಳ್ಳಿಗೆ ನಡೆದು ಬಸುರಿ ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು. ಆಗ ಗಾಜಿನ ಸಿರಿಂಜುಗಳು. ಸೀಮೆಎಣ್ಣೆ ಸ್ಟೌ ಮೇಲೆ ಅವನ್ನು ಕುದಿಸುತ್ತಿದ್ದರು. ಅಡುಗೆಗೆ ತಡವಾದರೂ ಸರಿ, ಸಿರಿಂಜು ಸರಿಯಾಗಿ ಕುದಿಯಬೇಕು.

1995ರಲ್ಲಿ ಪಲ್ಸ್ ಪೋಲಿಯೊ ಬಂತು. ಹನಿ ಹಾಕುವ ದಿನ ಸಾಮಾನ್ಯವಾಗಿ ಭಾನುವಾರ. ಅತ್ತೆಗೆ ಅಂದು ಪೂಜೆ ತಪ್ಪುತ್ತಿತ್ತು, ಮುಂದಿನ ಶನಿವಾರ ಪಾಪನಿವೇದನೆಗೆ ಹೋಗುತ್ತಿದ್ದರು. ನಾನು ಆಗಷ್ಟೇ ಸೆಮಿನರಿ ಸೇರಿದ್ದ ಹುಡುಗ. ಎರಡು ಪುಸ್ತಕ ಓದಿದವರ ಗತ್ತು ನಿಮಗೆ ಗೊತ್ತಲ್ಲ. "ಭಾನುವಾರದ ಪೂಜೆ ತಪ್ಪಿಸಬಾರದು ಅತ್ತೆ" ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. "ಪೆಟ್ಟಿಗೇಲಿರೋ ಐಸು ನಮಗೋಸ್ಕರ ಕಾಯಲ್ಲ ಮಗ" ಎಂದು ನಕ್ಕರು.

2011ರ ಜನವರಿ 13ರಂದು ಹೌರಾದಲ್ಲಿ ಕಾಣಿಸಿಕೊಂಡ ಪ್ರಕರಣವೇ ನಮ್ಮ ದೇಶದ ಕೊನೆಯ ಪೋಲಿಯೊ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರವೂ ಸಿಕ್ಕಿತು. ಅತ್ತೆ ಅಷ್ಟರಲ್ಲಿ ನಿವೃತ್ತರು. ಪತ್ರಿಕೆಯ ಆ ಸುದ್ದಿಯನ್ನು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ಎದ್ದು ಹೋಗಿ ಕೋಳಿಗೆ ಕಾಳು ಹಾಕಿದರು.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ನೀತಿವಂತರು ಅಚ್ಚರಿಪಡುತ್ತಾರೆ. ಪ್ರಭುವನ್ನು ರೋಗಿಯಾಗಿ ತಾವು ಕಂಡದ್ದೇ ಅವರಿಗೆ ಗೊತ್ತಿಲ್ಲ. ಲಸಿಕೆಯ ಲೆಕ್ಕವನ್ನು ಒಂದು ಹನಿಯೂ ತಪ್ಪದಂತೆ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ನಮ್ಮತ್ತೆ, ಆ ಇನ್ನೊಂದು ಲೆಕ್ಕವನ್ನು ಇಟ್ಟಿರಲೇ ಇಲ್ಲ. ತಪ್ಪಿದ ಪೂಜೆಗಳನ್ನು ಮಾತ್ರ ಎಣಿಸಿಟ್ಟಿದ್ದರು.

ಈಗ ನನ್ನ ವಿಷಯ. 2023ರ ಮಾರ್ಚ್ 12ರಂದು ಇದೇ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಅದಾದ ಮೇಲೆ ಅತ್ತೆ ಹಾಸಿಗೆ ಹಿಡಿದರು. "ರಸ್ತೆ ಬೇಗ ಆಯ್ತಂತಲ್ಲ, ಪರಮಪ್ರಸಾದ ತಗೊಂಡು ಒಂದಪ ಬಂದೋಗು ಸ್ವಾಮಿ" ಎಂದು ಫೋನ್ ಮಾಡಿದರು. ಗುರುಪಟ್ಟವಾದಂದಿನಿಂದ ಫೋನಿನಲ್ಲೂ ನನ್ನನ್ನು ಸ್ವಾಮಿ ಎಂದೇ ಕರೆಯುತ್ತಿದ್ದರು. ಧರ್ಮಕೇಂದ್ರದ ಹಬ್ಬ ಹತ್ತಿರವಿತ್ತು. ತೇರು, ಚಪ್ಪರ, ಮೈಕ್‌ಸೆಟ್ಟು. ಹಬ್ಬ ಮುಗಿಸಿ ಬರುತ್ತೇನೆ ಎಂದೆ. ನಾನು ಹೋದಾಗ ಅವರಿಗೆ ಮಾತು ನಿಂತಿತ್ತು. ಅಭ್ಯಂಗ ಕೊಟ್ಟೆ. ಪರಮಪ್ರಸಾದ ನುಂಗುವ ಶಕ್ತಿ ಅವರಿಗಿರಲಿಲ್ಲ. ತಂದದ್ದನ್ನು ಹಾಗೆಯೇ ಹಿಂದಕ್ಕೆ ಒಯ್ದೆ. ರೋಗಿಗಳನ್ನು ಸಂದರ್ಶಿಸಿ ಎಂದು ಇದೇ ಜಾಗದಲ್ಲಿ ನಿಂತು ನಿಮಗೆ ಎಷ್ಟು ಸಲ ಹೇಳಿದ್ದೇನೋ!

ಪೂಜೆಯ ನಂತರ ಸಮಾಧಿಗಳ ಆಶೀರ್ವಾದವಿದೆ. ಮೇಣದಬತ್ತಿ ಹಿಡಿದು ಎಲ್ಲರೂ ಬನ್ನಿ. ನಿಮ್ಮ ಮನೆಯಲ್ಲಾಗಲಿ, ನೆರೆಮನೆಯಲ್ಲಾಗಲಿ ಹಾಸಿಗೆ ಹಿಡಿದವರಿದ್ದರೆ ಅವರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಇವತ್ತೇ ನನ್ನ ಕೈಗೆ ಕೊಡಿ. ನಾಳೆ ಬೆಳಗಿನ ಪೂಜೆ ಮುಗಿಸಿ ಹೊರಡುತ್ತೇನೆ.