ಪಂಪ್‌ಸೆಟ್ ಮೋಟರ್ ಸುಟ್ಟಿದ್ದು ಯಾಕೆ? ಸಿಲಬಸ್‌ನಲ್ಲಿ ಇಲ್ಲದ ಪ್ರಶ್ನೆ

ನಾನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪಾಠ ಮಾಡೋನು. ಪ್ರತಿ ಬ್ಯಾಚ್‌ಗೂ ಒಂದು ಪ್ರಶ್ನೆ ಕೇಳ್ತೀನಿ: ನಿಮ್ಮೂರಲ್ಲಿ ಪಂಪ್‌ಸೆಟ್ ಮೋಟರ್ ಯಾಕೆ ಸುಡುತ್ತೆ? ಇಂಡಕ್ಷನ್ ಮೋಟರ್ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೆದವರೂ ಸುಮ್ಮನಾಗ್ತಾರೆ. ಎಷ್ಟೋ ಜನ ರೈತರ ಮನೆಯವರೇ. ರಿವೈಂಡಿಂಗ್‌ಗೆ ಅಪ್ಪ ಸಾಲ ಮಾಡಿದ್ದನ್ನ ನೋಡಿರ್ತಾರೆ.

ಮೂರು ಫೇಸ್‌ನಲ್ಲಿ ಒಂದು ಹೋದ್ರೂ ಓಡ್ತಿರೋ ಮೋಟರ್ ಓಡ್ತಾನೇ ಇರಬಹುದು. ಆದರೆ ಉಳಿದ ಎರಡರಿಂದ ಹೆಚ್ಚು ಕರೆಂಟ್ ಎಳೆಯುತ್ತೆ. ಕರೆಂಟ್ 20% ಏರಿದ್ರೆ ಕಾಯಿಲ್‌ನಲ್ಲಿ ಶಾಖ 44% ಏರುತ್ತೆ, ಯಾಕಂದ್ರೆ ಅದು ಕರೆಂಟಿನ ವರ್ಗದ ಲೆಕ್ಕ. ಇಷ್ಟನ್ನೂ ಬೋರ್ಡ್ ಮೇಲೆ ಬರೆದುಕೊಟ್ರೆ ಅದು ಇನ್ನೊಂದು ನೋಟ್ಸ್, ಅಷ್ಟೇ. ಕೆಲಸಕ್ಕೆ ಸೇರಿದ ಮೇಲೆ ನೋಟ್ಸ್ ಕೊಡೋರು ಯಾರಿದ್ದಾರೆ?

ಐಐಟಿಗಳು, ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟಿಇಎಲ್ ಪಾಠಗಳು ಯೂಟ್ಯೂಬ್‌ನಲ್ಲಿ ಫ್ರೀಯಾಗಿವೆ. ಸರ್ಟಿಫಿಕೇಟ್‌ಗೋಸ್ಕರ ಡಬಲ್ ಸ್ಪೀಡಲ್ಲಿ ಓಡಿಸೋರನ್ನ ಕಂಡಿದ್ದೀನಿ. ಬಸ್ಸಲ್ಲಿ ನಿದ್ದೆ ಹೊಡೆದು ಊರು ಸುತ್ತಿ ಬಂದ ಹಾಗೆ! ಪೂರ್ತಿ ಕೋರ್ಸ್ ಬೇಡ. ನಿಮ್ಮ ಪ್ರಶ್ನೆಗೆ ಬೇಕಾದ ಒಂದೆರಡು ಪಾಠ ಹುಡುಕಿ. ಇಂಗ್ಲಿಷ್ ಕಷ್ಟ ಆದ್ರೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ, ಅರ್ಥ ಆದದ್ದನ್ನ ಕನ್ನಡದಲ್ಲಿ ಬರ್ಕೊಳ್ಳಿ. ಇಲ್ಲಿ ಮಾರ್ಕ್ಸ್ ಕಳೆಯೋರಿಲ್ಲ.

ಅದಕ್ಕೂ ಮೊದಲು, ಈ ಭಾನುವಾರ ಊರಿನ ರಿವೈಂಡಿಂಗ್ ಅಂಗಡಿಗೆ ಹೋಗಿ ಬನ್ನಿ. ಹೀಗೆ ಫೇಸ್ ಹೋಗಿ ಸುಟ್ಟ ಸ್ಟಾರ್ ಕನೆಕ್ಷನ್ ಮೋಟರ್ ಬಿಚ್ಚಿದ್ರೆ ಎರಡು ಫೇಸಿನ ಕಾಯಿಲ್ ಕಪ್ಪಾಗಿರುತ್ತೆ, ಮೂರನೇದು ಹೊಸದರ ಹಾಗೇ ಇರುತ್ತೆ. ಯಾಕೆ ಅಂತ ಅಂಗಡಿಯವರನ್ನೇ ಕೇಳಿ.