ಎಳೆಯೋದು ಸುಲಭ, ನಿಲ್ಲಿಸೋದೇ ಕಷ್ಟ

ಬೇಸಿಗೆ ಬಂತೆಂದರೆ ಜೆ.ಪಿ. ನಗರ, ಬಿಟಿಎಂ ಲೇಔಟ್‌ನ ಅಡ್ಡರಸ್ತೆಗಳಲ್ಲಿ ನೀರಿನ ಟ್ಯಾಂಕರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಓಡಾಡುತ್ತವೆ. ಬೋರ್‌ವೆಲ್‌ಗಳು ಬತ್ತಿದ 2024ರ ಬೇಸಿಗೆಯಲ್ಲಂತೂ ಅವುಗಳ ದಾರಿ ಕಾಯುವುದೇ ಎಷ್ಟೋ ಮನೆಗಳಲ್ಲಿ ಬೆಳಗಿನ ಕೆಲಸವಾಗಿತ್ತು. ಮಕ್ಕಳೇ, ಇನ್ನೊಮ್ಮೆ ಅಂಥದ್ದೊಂದು ನಿಮ್ಮ ಬೀದಿಯಲ್ಲಿ ನಿಂತಾಗ ಟ್ಯಾಂಕರನ್ನೂ ಟ್ರ್ಯಾಕ್ಟರನ್ನೂ ಬಿಟ್ಟು, ಅವೆರಡರ ನಡುವಿನ ಜಾಗವನ್ನು ಫುಟ್‌ಪಾತ್ ಮೇಲಿಂದಲೇ ನೋಡಿ. ಅಲ್ಲಿ ಒಂದು ಕೊಕ್ಕೆ, ಕೊಕ್ಕೆಯೊಳಗೆ ಒಂದು ದಪ್ಪ ಕಬ್ಬಿಣದ ಪಿನ್ನು. ಒಂದು ಲೀಟರ್ ನೀರು ಒಂದು ಕೆಜಿ. ನಾಲ್ಕು ಸಾವಿರ ಲೀಟರ್ ಅಂದರೆ ನಾಲ್ಕು ಟನ್. ಅಷ್ಟು ಭಾರವೂ ಆ ಒಂದು ಪಿನ್ನನ್ನು ನಂಬಿಕೊಂಡು ಹಿಂದೆ ಹಿಂದೆ ಬರುತ್ತಿರುತ್ತದೆ.

ಇದೇ ಕೆಲಸವನ್ನು ಮನೆಯ ಹಳೇ ಎಸ್‌ಯುವಿ ಕೈಲಿ ಮಾಡಿಸಬೇಕು ಅಂದುಕೊಳ್ಳೋಣ. ಹಿಂದೆ ಬರುವುದು ನೀರಲ್ಲ, ಪುಟ್ಟ ಮನೆ: ಎರಡು ಮಂಚ, ಒಂದು ಒಲೆ, ಒಂದು ಕಿಟಕಿ, ಅಡಿಯಲ್ಲಿ ಎರಡು ಚಕ್ರ. ಅದಕ್ಕೆ ಕ್ಯಾರವಾನ್ ಟ್ರೈಲರ್ ಅನ್ನುತ್ತಾರೆ. ಅಮೆರಿಕ, ಯೂರೋಪಿನಲ್ಲಿ ರಜೆ ಬಂದರೆ ಜನ ಇಂಥವನ್ನು ಕಾರಿಗೆ ತಗಲಿಸಿಕೊಂಡು ಹೊರಡುವುದು ಮಾಮೂಲು. ನಮ್ಮಲ್ಲಿ ಅದು ಅಪರೂಪ. ನಮ್ಮ ಕ್ಯಾರವಾನ್‌ಗಳು ಹೆಚ್ಚಾಗಿ ಒಂದೇ ವಾಹನದಲ್ಲಿ ಎಂಜಿನ್ನು, ಮಂಚ ಎರಡನ್ನೂ ಇಟ್ಟುಕೊಂಡ ವ್ಯಾನುಗಳು. ಆದರೂ ಎಳೆಯುವ ಗಾಡಿಯ ವಿಜ್ಞಾನ ನಮಗೆ ಹೊಸದಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮೂಟೆ ಹೇರಿಕೊಂಡು ಗಾಡಿ ಹೊಡೆದುಕೊಂಡು ಬರುತ್ತಿದ್ದ ರೈತರಿಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಎಳೆಯುವವನನ್ನು ನೋಡೋಣ. ಜಯನಗರದ ಕೆಎ-05 ನಂಬರ್ ಹೊತ್ತು ಇನ್ನೂ ಓಡಾಡುತ್ತಿರುವ ಹಳೆಯ ಬೊಲೆರೊ, ಸ್ಕಾರ್ಪಿಯೊಗಳನ್ನು ನೀವು ಕಂಡಿರುತ್ತೀರಿ. ಇಲ್ಲೇ ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗಿ 2000ದಿಂದ 2005ರವರೆಗೆ ಮಾರಾಟವಾದ ಟೊಯೋಟಾ ಕ್ವಾಲಿಸ್ ಕೂಡ ಅಲ್ಲಲ್ಲಿ ಉಳಿದಿದೆ. ಇವುಗಳಲ್ಲಿ ಒಂದು ಸಮಾನ ಗುಣವಿದೆ. ಬಗ್ಗಿ ನೋಡಿದರೆ ಅಡಿಯಲ್ಲಿ ಉದ್ದಕ್ಕೆ ಎರಡು ಉಕ್ಕಿನ ತೊಲೆ, ಅವಕ್ಕೆ ಅಡ್ಡಡ್ಡ ತುಂಡುಗಳು ಕಾಣುತ್ತವೆ. ಅದು ಚಾಸಿ. ಈಗಿನ ಬಹಳಷ್ಟು ಕಾರುಗಳಲ್ಲಿ ಇಂಥ ಬೇರೆ ಚೌಕಟ್ಟು ಇರುವುದಿಲ್ಲ, ತಗಡಿನ ಮೈಯೇ ಎಲುಬು. ಕೊಕ್ಕೆಯನ್ನು ಚಾಸಿಯ ತೊಲೆಗಳಿಗೇ ಬೋಲ್ಟ್ ಹಾಕಿ ಬಿಗಿಯಬೇಕು. ಹಿಂದಿನ ಬಂಪರಿಗೆ ಬಿಗಿದರೆ ಮೊದಲನೇ ಹಂಪ್‌ನಲ್ಲೇ ಬಂಪರು ಟ್ರೈಲರಿನ ಜೊತೆ ಹೋಗಿಬಿಡುತ್ತದೆ!

ಎಳೆಯೋದಕ್ಕೆ ಎಷ್ಟು ಶಕ್ತಿ ಬೇಕು? ನಮ್ಮ ಟ್ರೈಲರ್ 800 ಕೆಜಿ ಇದೆ ಅನ್ನಿ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ, ಚಕ್ರದಲ್ಲಿ ಗಾಳಿ ಸರಿಯಾಗಿದ್ದರೆ, ಅದನ್ನು ನಿಧಾನವಾಗಿ ಉರುಳಿಸುತ್ತಿರಲು ಸುಮಾರು 12 ಕೆಜಿ ಎತ್ತುವಷ್ಟು ಬಲ ಸಾಕು. ನಿಮ್ಮಪ್ಪ ಒಬ್ಬರೇ ತಳ್ಳಬಹುದು. ಏರು ಬಂದಾಗ ಕಥೆ ಬೇರೆ. ಹತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವಂಥ ರಸ್ತೆಯಲ್ಲಿ ಭೂಮಿಯೇ ಅದನ್ನು ಹಿಂದಕ್ಕೆ ಎಳೆಯುತ್ತದೆ, ಇನ್ನೂ 80 ಕೆಜಿಯಷ್ಟು ಬಲದಿಂದ. ಆದರೂ ಚಿಕ್ಕ ಗೇರಿನಲ್ಲಿ ಹೋದರೆ ಹಳೇ ಡೀಸೆಲ್ ಎಂಜಿನ್ನು ಉಸ್ಸೆನ್ನುತ್ತಾ ಏರಿಯೇ ಏರುತ್ತದೆ. ಎಳೆಯೋದು ದೊಡ್ಡ ವಿಷಯವಲ್ಲ.

ಏರುವಾಗ ತೊಂದರೆ ಬರುವುದು ಬಿಸಿಯಿಂದ. ಡೀಸೆಲ್ ಉರಿದು ಬರುವ ಶಾಖದಲ್ಲಿ ದೊಡ್ಡ ಪಾಲು ಚಕ್ರ ತಿರುಗಿಸುವುದಕ್ಕೆ ಬರುವುದೇ ಇಲ್ಲ. ಒಂದಿಷ್ಟು ಹೊಗೆಯ ಜೊತೆ ಹೋಗುತ್ತದೆ, ಒಂದಿಷ್ಟನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತುಕೊಂಡು ರೇಡಿಯೇಟರಿಗೆ ತಂದು ಗಾಳಿಗೆ ಕೊಡುತ್ತದೆ. ಇಲ್ಲಿ ಬೆಂಗಳೂರಿನದೇ ಒಂದು ತಮಾಷೆಯಿದೆ. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ತೆರೆದ ಪಾತ್ರೆಯ ನೀರು 100 ಡಿಗ್ರಿಯವರೆಗೆ ಕಾಯುವುದಿಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನ ಕಾರಿಗಿಂತ ಬನಶಂಕರಿಯ ಕಾರಿನ ನೀರು ಬೇಗ ಕುದಿಯಬೇಕಿತ್ತಲ್ಲ? ಅದನ್ನು ತಡೆಯುವುದು ರೇಡಿಯೇಟರಿನ ಮುಚ್ಚಳ. ಅಡುಗೆಮನೆಯ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಅದರೊಳಗಿನ ಸ್ಪ್ರಿಂಗ್ ಮಾಡುತ್ತದೆ: ಆವಿಯನ್ನು ಹಿಡಿದಿಟ್ಟು ಒತ್ತಡ ಏರಿಸುತ್ತದೆ, ನೀರು ಕುದಿಯುವ ಬಿಂದು ನೂರು ದಾಟಿ ಇನ್ನೂ ಮೇಲೆ ಹೋಗುತ್ತದೆ. ಎಂಜಿನ್ನು ತಣ್ಣಗಿರುವಾಗ ದೊಡ್ಡವರು ತೆಗೆದು ತೋರಿಸಿದರೆ ಮುಚ್ಚಳದ ಮೇಲೆ 0.9 ಅಂತಲೋ 1.1 ಅಂತಲೋ ಅಚ್ಚು ಹಾಕಿರುವುದು ಕಾಣುತ್ತದೆ. ಆ ಒತ್ತಡಕ್ಕೆ ಅದು ತೆರೆದುಕೊಳ್ಳುತ್ತದೆ ಎಂದರ್ಥ. ಹಳೇ ಗಾಡಿಯಲ್ಲಿ ಈ ಸ್ಪ್ರಿಂಗ್ ಸೋತಿರುತ್ತದೆ, ರಬ್ಬರ್ ವಾಷರ್ ಬಿರಿದಿರುತ್ತದೆ. ಎಂಜಿನ್ನೇ ಬಿಚ್ಚಿಸಲು ಹೊರಡುವ ಮೊದಲು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಒಂದು ಹೊಸ ಮುಚ್ಚಳ, ಹೊಸ ರಬ್ಬರ್ ಪೈಪುಗಳನ್ನು ತಂದು ಹಾಕಿಸುವುದು ಜಾಣತನ. ಬಿಸಿ ಇರುವಾಗ ಮಾತ್ರ ಮುಚ್ಚಳದ ಹತ್ತಿರ ಯಾರೂ ಕೈ ಒಯ್ಯಬಾರದು. ಒತ್ತಡ ಬಿಟ್ಟ ಕ್ಷಣವೇ ಒಳಗಿನ ನೀರು ಆವಿಯಾಗಿ ಚಿಮ್ಮುತ್ತದೆ.

ಈಗ ಕಷ್ಟದ ಭಾಗ. ಓಡುತ್ತಿರುವ ಗಾಡಿಯನ್ನು ನಿಲ್ಲಿಸಬೇಕು.

1,600 ಕೆಜಿಯ ಎಸ್‌ಯುವಿ, 800 ಕೆಜಿಯ ಟ್ರೈಲರ್, ಒಟ್ಟು 2,400 ಕೆಜಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಇದರ ಚಲನಶಕ್ತಿ ಸುಮಾರು 333 ಕಿಲೋಜೂಲ್. ಬ್ರೇಕ್ ಒತ್ತಿದಾಗ ಈ ಶಕ್ತಿ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಮಾಯವಾಗುವುದಿಲ್ಲ. ಬ್ರೇಕಿನ ಪ್ಯಾಡು ತಟ್ಟೆಗೆ ಉಜ್ಜಿ, ಬಹುಪಾಲು ಶಾಖವಾಗುತ್ತದೆ. ನಲ್ಲಿಯ ಒಂದು ಲೀಟರ್ ನೀರನ್ನು ಕುದಿಯುವ ತನಕ ಕಾಯಿಸಲು ಸುಮಾರು 300 ಕಿಲೋಜೂಲ್ ಬೇಕು. ಅಂದರೆ ಒಂದು ಸಲ ನಿಲ್ಲಿಸಿದರೆ ಒಂದು ಲೀಟರ್ ನೀರು ಕುದಿಸಿದಷ್ಟು ಬಿಸಿ! ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಎಷ್ಟು ಸಲ ಬ್ರೇಕ್ ಹಿಡಿಯುತ್ತೇವೆ ಅಂತ ನಿಮಗೇ ಗೊತ್ತು. ಪುಣ್ಯಕ್ಕೆ ಅಲ್ಲಿ ಯಾರಿಗೂ 60ರಲ್ಲಿ ಓಡಿಸಲು ಸಾಧ್ಯವಿಲ್ಲ. ವೇಗ ಅರ್ಧವಾದರೆ ಶಾಖ ಅರ್ಧವಲ್ಲ, ಕಾಲು ಭಾಗವಾಗುತ್ತದೆ. 30ರಲ್ಲಿ ಹೋಗುವ ಗಾಡಿಯನ್ನು ನಿಲ್ಲಿಸಿದರೆ ಒಂದು ಲೋಟ ನೀರು ಕುದ್ದೀತು, ಅಷ್ಟೆ.

ಘಾಟಿಯ ಇಳಿಜಾರಿನ ಲೆಕ್ಕ ಇನ್ನೂ ಜೋರು. 500 ಮೀಟರ್ ಎತ್ತರದಿಂದ ಈ 2,400 ಕೆಜಿಯನ್ನು ಬ್ರೇಕ್ ಒಂದರಿಂದಲೇ ಹಿಡಿದು ಇಳಿಸಿದರೆ ಹುಟ್ಟುವ ಶಾಖದಲ್ಲಿ ಹತ್ತಿರ ಹತ್ತಿರ 40 ಲೀಟರ್ ನೀರು ಕುದಿಯುತ್ತದೆ. ಮನೆಗೆ ತರಿಸುವ 20 ಲೀಟರಿನ ಕ್ಯಾನು ಇದೆಯಲ್ಲ, ಅಂಥವು ಎರಡು. ಇಷ್ಟು ಬಿಸಿ ಬ್ರೇಕ್ ಆಯಿಲ್‌ಗೂ ತಲುಪುತ್ತದೆ. ಆ ದ್ರವಕ್ಕೆ ಗಾಳಿಯಲ್ಲಿನ ತೇವ ಹೀರುವ ಚಾಳಿ ಇದೆ. ಡಾಟ್ 3 ಅನ್ನುವ ಬಗೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದೆ ತಾಳಬೇಕು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿದುಬಿಡುತ್ತದೆ. ಕುದ್ದರೆ ಒಳಗೆ ಗುಳ್ಳೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗುಳ್ಳೆಯನ್ನು ಕುಗ್ಗಿಸಬಹುದು. ಹಾಗಾಗಿ ಪೆಡಲು ಮೆತ್ತಗೆ ತಳದವರೆಗೂ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ವರ್ಷಗಟ್ಟಲೆ ಬ್ರೇಕ್ ಆಯಿಲ್ ಬದಲಿಸದ ಹಳೇ ಗಾಡಿಗೆ ಟ್ರೈಲರ್ ತಗಲಿಸುವ ಮುನ್ನ ಮಾಡಿಸಲೇಬೇಕಾದ ಕೆಲಸ ಒಂದಿದ್ದರೆ ಅದು ಇದು. ಲಾರಿ ಡ್ರೈವರ್‌ಗಳು ಘಾಟಿಯಲ್ಲಿ ಎರಡನೇ ಗೇರಿಗೆ ಹಾಕಿಕೊಂಡು ಇಳಿಯುವುದೂ ಇದಕ್ಕೇ. ಆಗ ಎಂಜಿನ್ನೇ ಚಕ್ರಗಳನ್ನು ಹಿಡಿದು ನಿಧಾನಿಸುತ್ತದೆ, ಬ್ರೇಕಿಗೆ ಬಿಡುವು ಸಿಗುತ್ತದೆ.

ಟ್ರೈಲರಿಗೂ ಅದರದೇ ಬ್ರೇಕ್ ಇದ್ದರೆ ಇನ್ನೂ ಒಳ್ಳೆಯದು. ಅದರಲ್ಲೊಂದು ಬಗೆ ನನಗೆ ಬಹಳ ಇಷ್ಟ. ಮುಂದಿನ ಗಾಡಿ ನಿಧಾನವಾದಾಗ ಟ್ರೈಲರ್ ಹಿಂದಿನಿಂದ ಬಂದು ಕೊಕ್ಕೆಯನ್ನು ಒತ್ತುತ್ತದೆ. ಆ ಒತ್ತಿದ ಬಲವೇ ಒಂದು ಸರಳನ್ನು ಹಿಂದಕ್ಕೆ ತಳ್ಳಿ ಟ್ರೈಲರಿನ ಬ್ರೇಕನ್ನು ಹಿಡಿಯುತ್ತದೆ. ಜೋರಾಗಿ ಗುದ್ದಿದಷ್ಟೂ ಜೋರಾಗಿ ಬ್ರೇಕ್!

ಇನ್ನು ಕಡಲೆಕಾಯಿ ಗಾಡಿಯ ಮಾತು. ಎರಡು ಚಕ್ರದ ಎತ್ತಿನ ಗಾಡಿಗೆ ಮೂಟೆಗಳನ್ನು ಹಿಂದಕ್ಕೆ ಹೇರಿದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ. ತೀರಾ ಮುಂದಕ್ಕೆ ಹೇರಿದರೆ ಹೆಗಲ ಮೇಲೆ ಭಾರ. ಗಾಡಿ ಹೊಡೆಯುವವರು ನೊಗವನ್ನು ಕೈಯಲ್ಲಿ ಎತ್ತಿ ನೋಡಿ, ಸ್ವಲ್ಪವೇ ಮುಂಭಾರ ಇರುವ ಹಾಗೆ ಮೂಟೆ ಸರಿಸುತ್ತಿದ್ದರು. ಟ್ರೈಲರಿಗೂ ಅದೇ ಲೆಕ್ಕ. ಒಟ್ಟು ಭಾರದ ಹತ್ತನೇ ಒಂದು ಪಾಲು, ನಮ್ಮದರಲ್ಲಿ 80 ಕೆಜಿ, ಕೊಕ್ಕೆಯ ಮೇಲೆ ಕೂರಬೇಕು. ಮನೆಯಲ್ಲಿ ತೂಕ ನೋಡುವ ಯಂತ್ರದ ಮೇಲೆ ಮರದ ತುಂಡಿಟ್ಟು ಟ್ರೈಲರಿನ ಮೂತಿಯನ್ನು ಅದರ ಮೇಲಿಳಿಸಿದರೆ ಗೊತ್ತಾಗುತ್ತದೆ. ಕಡಿಮೆ ಬಂದರೆ ನೀರಿನ ಡ್ರಮ್ಮನ್ನೋ ಗ್ಯಾಸ್ ಸಿಲಿಂಡರನ್ನೋ ಮುಂದಕ್ಕೆ ಸರಿಸಬೇಕು.

ಈ ಮುಂಭಾರ ಇಲ್ಲದಿದ್ದರೆ ಏನಾಗುತ್ತದೆಂದು ನಿಮ್ಮ ಅಪಾರ್ಟ್‌ಮೆಂಟಿನ ಜಿಮ್ಮಿನಲ್ಲಿ ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಂಡು ನೋಡಬಹುದು. ಆಟಿಕೆ ಕಾರಿಗೆ ಎರಡು ಚಕ್ರದ ಆಟಿಕೆ ಟ್ರೈಲರ್ ಸಡಿಲವಾಗಿ ಸಿಕ್ಕಿಸಿ, ಕಾರಿಗೆ ದಾರ ಕಟ್ಟಿ, ಓಡುವ ಟ್ರೆಡ್‌ಮಿಲ್ ಪಟ್ಟಿಯ ಮೇಲೆ ಬಿಡಿ. ದೊಡ್ಡವರು ಉದ್ದ ಕಡ್ಡಿಯಿಂದ ಟ್ರೈಲರನ್ನು ಪಕ್ಕಕ್ಕೆ ಮೆಲ್ಲಗೆ ತಟ್ಟಲಿ. ಭಾರ ಮುಂದಿದ್ದರೆ ಎರಡು ಸಲ ಅಲ್ಲಾಡಿ ಸುಮ್ಮನಾಗುತ್ತದೆ. ಭಾರವನ್ನು ಚಕ್ರಗಳ ಹಿಂದಕ್ಕೆ ಅಂಟಿಸಿ ವೇಗ ಹೆಚ್ಚಿಸಿ ಮತ್ತೆ ತಟ್ಟಿದರೆ ಬಾಲ ಎಡಕ್ಕೆ, ಬಲಕ್ಕೆ, ಪ್ರತಿ ಸಲ ಇನ್ನಷ್ಟು ದೂರಕ್ಕೆ ಬೀಸುತ್ತಾ ಕೊನೆಗೆ ಕಾರನ್ನೂ ಎಳೆದುಕೊಂಡು ಮಗುಚುತ್ತದೆ. ನಿಜವಾದ ರಸ್ತೆಯಲ್ಲಿ ಪಕ್ಕದಿಂದ ಹಾದುಹೋಗುವ ಬಸ್ಸಿನ ಗಾಳಿಯೇ ಆ ಕಡ್ಡಿ. ಹಾಗಾದಾಗ ಡ್ರೈವರು ಗಾಬರಿಯಿಂದ ಸ್ಟೇರಿಂಗ್ ತಿರುಗಿಸಬಾರದು. ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು.

ಆ 80 ಕೆಜಿ ಎಸ್‌ಯುವಿಗೂ ಒಂದು ಆಟ ಆಡಿಸುತ್ತದೆ. ಕೊಕ್ಕೆ ಇರುವುದು ಹಿಂದಿನ ಚಕ್ರಕ್ಕಿಂತ ಒಂದು ಮೀಟರಿನಷ್ಟು ಹಿಂದೆ. ಅಲ್ಲಿ ಒತ್ತಿದರೆ ಹಿಂದಿನ ಚಕ್ರಗಳು ಆನಿಕೆಯಾಗಿ ಮೂತಿ ಮೇಲೇಳಲು ನೋಡುತ್ತದೆ. ಹಿಂದಿನ ಚಕ್ರಗಳಿಗೆ 110 ಕೆಜಿ ಹೆಚ್ಚಿದರೆ ಮುಂದಿನವಕ್ಕೆ 30 ಕೆಜಿ ಕಡಿಮೆ. ಸ್ಟೇರಿಂಗ್ ಹಗುರ, ಹೆಡ್‌ಲೈಟು ಎದುರಿನವರ ಕಣ್ಣಿಗೆ. ಬೊಲೆರೊ, ಕ್ವಾಲಿಸ್‌ಗಳ ಹಿಂದೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್ ಇದೆ. ವರ್ಷಗಳ ಕಾಲ ನೆಂಟರಿಷ್ಟರನ್ನೆಲ್ಲ ಹೊತ್ತು ಅವು ಬಾಗಿ ಚಪ್ಪಟೆಯಾಗಿರುತ್ತವೆ. ಅವನ್ನು ಮತ್ತೆ ಬಿಲ್ಲಿನ ಆಕಾರಕ್ಕೆ ತರಿಸದಿದ್ದರೆ ಜಯನಗರದ ಪ್ರತಿ ಹಂಪ್‌ಗೂ ಕೊಕ್ಕೆ ನೆಲ ಕೆರೆಯುತ್ತದೆ.

ಟೈರನ್ನು ನೀವೇ ಪರೀಕ್ಷಿಸಬಹುದು. ಪಕ್ಕದಲ್ಲಿ ಡಾಟ್ ಎಂಬ ಇಂಗ್ಲಿಷ್ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಹುಡುಕಿ. 2318 ಅಂತಿದ್ದರೆ 2018ನೇ ಇಸವಿಯ 23ನೇ ವಾರದಲ್ಲಿ ಹುಟ್ಟಿದ ಟೈರು. ಟೈರು ಹಳೆಯದಾದರೆ, ಅದರ ಮೈಮೇಲಿನ ಗೀರುಗಳು ಎಷ್ಟೇ ಆಳವಾಗಿದ್ದರೂ ಬಿಸಿಲು, ಗಾಳಿಗೆ ರಬ್ಬರು ಒಣಗಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಅಳತೆಯ ಪಕ್ಕದಲ್ಲಿ 100 ಎಂಬ ಅಂಕಿಯಿದ್ದರೆ ಆ ಒಂದು ಟೈರು 800 ಕೆಜಿ ತಾಳುತ್ತದೆ ಎಂದು ಅರ್ಥ, 105 ಇದ್ದರೆ 925 ಕೆಜಿ.

ಕಾಗದಪತ್ರದ ಮಾತು ಚುಟುಕಾಗಿ: ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಗಾಡಿಯನ್ನು ಆರ್‌ಟಿಒಗೆ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಟ್ರೈಲರಿಗೂ ಬೇರೆ ನೋಂದಣಿ ಬೇಕು. ಹಿಂದಿನ ದೀಪ, ಇಂಡಿಕೇಟರ್, ಬ್ರೇಕ್ ಲೈಟುಗಳಿಗೆ ಏಳು ತಂತಿಯ ಒಂದು ಪ್ಲಗ್ಗು ಸಾಕು. ಓಡುವಾಗ ಟ್ರೈಲರೊಳಗೆ ಯಾರೂ ಕೂರುವಂತಿಲ್ಲ, ಎಷ್ಟೇ ಆಸೆಯಾದರೂ.

ಕೊನೆಗೆ ರಿವರ್ಸ್. ಎಲ್ಲ ತಯಾರಾದ ಮೇಲೂ ದೊಡ್ಡವರು ಬೆವರುವುದು ಇಲ್ಲೇ. ಹಿಂದಕ್ಕೆ ಹೋಗುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಕಾರಿನ ಬಾಲ ಎಡಕ್ಕೆ ಹೋಗುತ್ತದೆ, ಅದರ ಜೊತೆ ಟ್ರೈಲರಿನ ಮೂತಿಯೂ ಎಡಕ್ಕೆ. ಆದರೆ ಟ್ರೈಲರ್ ತನ್ನ ಚಕ್ರಗಳ ಮೇಲೆ ತಿರುಗುವುದರಿಂದ ಅದರ ಬಾಲ ಬಲಕ್ಕೆ ಹೊರಡುತ್ತದೆ. ಯಾವುದಾದರೂ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಬೇಕು. ಆಗ ನಿಮ್ಮನ್ನು ‘ಹಿಂದೆ ನಿಂತು ನೋಡಪ್ಪ’ ಅಂದರೂ ಟ್ರೈಲರಿನ ಹಿಂದಕ್ಕೆ ಹೋಗಬೇಡಿ, ಪಕ್ಕದಲ್ಲಿ ದೂರ ನಿಲ್ಲಿ. ಬೆಳಕು ಕನ್ನಡಿಯಲ್ಲಿ ಬಂದ ದಾರಿಯಲ್ಲೇ ತಿರುಗಿಯೂ ಹೋಗಬಲ್ಲದು. ಆದ್ದರಿಂದ ಕಾರಿನ ಪಕ್ಕದ ಕನ್ನಡಿಯಲ್ಲಿ ಡ್ರೈವರಿನ ಕಣ್ಣು ನಿಮಗೆ ಕಾಣುತ್ತಿದ್ದರೆ ಅವರು ತಲೆಯೆತ್ತಿದಾಗ ನೀವೂ ಅವರಿಗೆ ಕಾಣುತ್ತೀರಿ. ಕಣ್ಣು ಕಾಣದಿದ್ದರೆ ಅವರ ಪಾಲಿಗೆ ನೀವು ಅಲ್ಲಿ ಇಲ್ಲವೇ ಇಲ್ಲ. ಕೂಗಿ ನಿಲ್ಲಿಸಿ, ಜಾಗ ಬದಲಿಸಿ.