ಶಾಲಾ ಬರವಣಿಗೆಯಲ್ಲಿ ಅಡಕ

ಕೇಳಿದ ಪ್ರಶ್ನೆಗೆ ಬೇಕಾದದ್ದನ್ನು ಬಿಡದೆ, ಬೇಡವಾದದ್ದನ್ನು ತುರುಕದೆ ಬರೆಯುವುದೇ ಶಾಲಾ ಬರವಣಿಗೆಯ ಅಡಕ. ಕರ್ನಾಟಕದ ಎಸ್ಸೆಸ್ಸೆಲ್ಸಿ ಕನ್ನಡ ಪ್ರಶ್ನೆಪತ್ರಿಕೆ ಇದನ್ನು ಸೂಚನೆಯಲ್ಲೇ ಹೇಳುತ್ತದೆ: ಒಂದು ವಾಕ್ಯದಲ್ಲಿ ಉತ್ತರಿಸಿ, ಎರಡು-ಮೂರು ವಾಕ್ಯಗಳಲ್ಲಿ ಉತ್ತರಿಸಿ, ಎಂಟು-ಹತ್ತು ವಾಕ್ಯಗಳಲ್ಲಿ ಉತ್ತರಿಸಿ. ಆದರೂ ಪುಟ ತುಂಬಿದಷ್ಟೂ ಅಂಕ ಹೆಚ್ಚು ಎಂಬ ನಂಬಿಕೆ ತರಗತಿಗಳಲ್ಲಿ ಬೇರೂರಿದೆ. ಹೆಚ್ಚುವರಿ ಹಾಳೆ ಕೇಳುವುದೇ ಜಾಣತನ ಎನಿಸಿರುವಲ್ಲಿ ಮಕ್ಕಳನ್ನು ದೂರಿ ಫಲವಿಲ್ಲ.

'ಊರ ಕೆರೆಗಳು ಬತ್ತಲು ಕಾರಣವೇನು?' ಎಂಬ ಪ್ರಶ್ನೆಯನ್ನೇ ನೋಡಬಹುದು. ನೀರು ಸಕಲ ಜೀವಿಗಳಿಗೂ ಅತ್ಯಗತ್ಯ ಎಂದು ಶುರುವಾಗುವ ಮಾಮೂಲಿ ಉತ್ತರ, ಹಿರಿಯರ ದೂರದೃಷ್ಟಿಯನ್ನು ಹೊಗಳಿ, ಇಂದಿನವರ ದುರಾಸೆಯನ್ನು ಬೈದು, ಕಾರಣದ ಹತ್ತಿರ ಬರುವಷ್ಟರಲ್ಲಿ ಮುಕ್ಕಾಲು ಪುಟ ಮುಗಿದಿರುತ್ತದೆ. ಹಾಗೆಂದು 'ಹೂಳು, ಒತ್ತುವರಿ' ಎಂದು ಗೀಚಿ ಸುಮ್ಮನಾದರೂ ಆಗದು. ಅವುಗಳಿಂದ ಕೆರೆ ಹೇಗೆ ಬತ್ತಿತು ಎಂಬುದು ಅಲ್ಲಿಲ್ಲ. 'ರಾಜಕಾಲುವೆ ಒತ್ತುವರಿಯಾಗಿ ಮಳೆನೀರು ಬರುವ ದಾರಿ ಮುಚ್ಚಿತು. ಹೂಳು ತೆಗೆಯದ್ದರಿಂದ ಬಂದ ನೀರಿಗೂ ನಿಲ್ಲಲು ಜಾಗ ಉಳಿಯಲಿಲ್ಲ' ಎಂದಾಗ ಕಾರಣವೂ ಅದು ಕೆಲಸ ಮಾಡಿದ ಬಗೆಯೂ ಬಂದವು. ಇಷ್ಟು ಬರೆಯಲು ವಿಷಯ ಅರ್ಥವಾಗಿರಲೇಬೇಕು. ಉದ್ದನೆಯ ಉತ್ತರದಲ್ಲಿ ಅರ್ಥವಾಗದ್ದನ್ನು ಮರೆಮಾಚಬಹುದು, ಅಡಕವಾದುದರಲ್ಲಿ ಸಾಧ್ಯವಿಲ್ಲ. ತಿದ್ದುವ ಮೇಷ್ಟರಿಗೂ ಎಡವಿದ್ದು ಎಲ್ಲೆಂದು ಕೂಡಲೇ ಕಾಣುತ್ತದೆ.

ವಾಕ್ಯದೊಳಗಿನ ಬೊಜ್ಜು ಹೆಚ್ಚಾಗಿ ಕ್ರಿಯಾಪದದಲ್ಲಿರುತ್ತದೆ. 'ಬೇರುಗಳು ನೀರನ್ನು ಹೀರಿಕೊಳ್ಳುವ ಕಾರ್ಯವನ್ನು ನಿರ್ವಹಿಸುತ್ತವೆ' ಎನ್ನುವಲ್ಲಿ 'ಬೇರು ನೀರು ಹೀರುತ್ತದೆ' ಎಂದರೆ ಸಾಕು. ಮಕ್ಕಳಿಗೆ ಇಂಥ ವಾಕ್ಯ ಕಲಿಸುವುದು ಎಷ್ಟೋ ಸಲ ಗೈಡುಗಳೇ.

ಅಡಕಕ್ಕೂ ಮಿತಿಯುಂಟು. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕನ್ನಡ ವ್ಯಾಕರಣದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಹಿಡಿದಿಟ್ಟ. ಅಷ್ಟಕ್ಕೇ ನಿಲ್ಲದೆ ಸೂತ್ರದ ವಿವರಣೆಯಾದ ವೃತ್ತಿಯನ್ನೂ ಉದಾಹರಣೆಗಳನ್ನೂ ಜೊತೆಗಿಟ್ಟ. ಕಲಿಯುವವನಿಗೆ ಬರಿಯ ಸೂತ್ರ ದಕ್ಕದು.

ಅಡಕ ರೂಢಿಸಿಕೊಳ್ಳಲು ಇರುವ ಹಳೆಯ ಅಭ್ಯಾಸವೆಂದರೆ ಸಂಕ್ಷೇಪ ಲೇಖನ. ಕೊಟ್ಟ ಗದ್ಯವನ್ನು ಎರಡು ಸಲ ಓದಿ, ಪುನರುಕ್ತಿ, ಅಲಂಕಾರ, ಹೆಚ್ಚುವರಿ ನಿದರ್ಶನಗಳನ್ನು ಕಳಚಿ, ಮೂರನೇ ಒಂದು ಭಾಗಕ್ಕೆ ಸ್ವಂತ ಮಾತಿನಲ್ಲಿ ಇಳಿಸಬೇಕು. ಮೂಲದ ವಾಕ್ಯಗಳನ್ನೇ ಅಲ್ಲಲ್ಲಿ ಕತ್ತರಿಸಿ ಅಂಟಿಸಿದರೆ ಸಂಕ್ಷೇಪವಾಗದು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ 300 ಅಂಕಗಳ ಭಾರತೀಯ ಭಾಷಾ ಪತ್ರಿಕೆಯ 60 ಅಂಕ ಇದಕ್ಕೇ ಮೀಸಲು. ಆ ಪತ್ರಿಕೆಗೆ ಕನ್ನಡವನ್ನೂ ಆರಿಸಿಕೊಳ್ಳಬಹುದು.

ಆದರೆ ಪ್ರವಾಸದ ಅನುಭವ, ಕತೆ, ಜಾತ್ರೆಯ ವರ್ಣನೆಗಳಿಗೆ ಅಡಕದ ಈ ಅಳತೆ ಒಗ್ಗದು. ಅಲ್ಲಿ ವಿವರವೇ ವಿಷಯ. ಕಡಲೆಪುರಿಯ ಅಂಗಡಿ, ತೇರಿನ ಹಗ್ಗ ಎಳೆದ ಕೈಯ ಉರಿಯನ್ನು ಮೇಷ್ಟರು ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಕಾಗಿಲ್ಲ.